ಶೆಡ್ಡು ಮತ್ತು ಶೀಟ್ ಮನೆ

2023ರ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಕುರುಬರಹಳ್ಳಿಯ ಮೂರಂತಸ್ತಿನ ಕಟ್ಟಡವೊಂದರ ಟೆರೇಸಿನಲ್ಲಿ, ನನಗೆ ಹೆಣ್ಣು ಕೊಡಬೇಕೋ ಬೇಡವೋ ಎಂದು ನೋಡಲು ಬಂದವರ ಕಣ್ಣೆದುರಿಗೆ, ನನ್ನ ಮನೆಯ ಬಾಗಿಲು ತೆರೆಯಲಿಲ್ಲ. ಬೀಗ ಹಾಕಿರಲಿಲ್ಲ. ಚಿಲಕ ತೆಗೆದೇ ಇತ್ತು. ಅಡ್ಡ ಬಂದದ್ದು ಹಿಂದಿನ ಸಂಜೆ ಕೂರಿಸಿದ ಹೊಸ ಹೊಸಿಲು. ಆ ಹೊಸಿಲು ಬಂದದ್ದು ಎರಡು ಪದಗಳ ಜಗಳದಿಂದ.

ಒಂದು ಪದ ಶೆಡ್ಡು. ಇನ್ನೊಂದು ಶೀಟ್ ಮನೆ. ದೂರದಿಂದ ನೋಡಿದರೆ ಎರಡೂ ಒಂದೇ: ನಾಲ್ಕು ಗೋಡೆ, ಮೇಲೆ ಸಿಮೆಂಟಿನ ಶೀಟು, ಶೀಟು ಹಾರಿಹೋಗದಂತೆ ಅದರ ಮೇಲೆ ಒಂದಷ್ಟು ಇಟ್ಟಿಗೆ. ನಾನು ಕೆಲಸ ಮಾಡುವುದು ಪತ್ರಿಕೆಯೊಂದರ ಡೆಸ್ಕಿನಲ್ಲಿ. ನಮ್ಮ ಪುಟಗಳಲ್ಲಿ ಶೆಡ್ ಎರಡು ಬಗೆಯ ಸುದ್ದಿಯಲ್ಲಿ ಬರುತ್ತದೆ. ನೆರೆ ಬಂದಾಗ ಮನೆ ಕಳೆದುಕೊಂಡವರಿಗೆ ಹಾಕಿಕೊಡುವ ತಾತ್ಕಾಲಿಕ ಶೆಡ್. ರಸ್ತೆ ಬದಿಯಿಂದ ಜೆಸಿಬಿ ತಂದು ತೆರವು ಮಾಡುವ ಅಕ್ರಮ ಶೆಡ್. ಶೀಟ್ ಮನೆ ಎಂಬ ಮಾತು ನಮ್ಮ ಸುದ್ದಿಗಳಲ್ಲಿ ಬರುವುದು ಕಡಿಮೆ. ಅದನ್ನು ಓದಬೇಕಾದರೆ ಮಹಾಲಕ್ಷ್ಮಿ ಲೇಔಟಿನಿಂದ ಬಸವೇಶ್ವರನಗರದ ತನಕ ನಡೆಯಬೇಕು. ಗೇಟುಗಳಿಗೆ ತಂತಿಯಲ್ಲಿ ಕಟ್ಟಿದ ರಟ್ಟಿನ ಮೇಲೆ ಕೈಬರಹದಲ್ಲಿ ಇರುತ್ತದೆ: ಶೀಟ್ ಮನೆ ಬಾಡಿಗೆಗಿದೆ, ಸಣ್ಣ ಫ್ಯಾಮಿಲಿಗೆ ಮಾತ್ರ.

ನಾನು ಫ್ಯಾಮಿಲಿ ಆಗಿರಲಿಲ್ಲ. ಆದರೂ ಕೊಟ್ಟರು. ಓನರ್ ಆಂಟಿ ಕೇಳಿದ್ದು ಒಂದೇ ಪ್ರಶ್ನೆ.

"ಮದುವೆ ಆಗ್ತೀರ ತಾನೇ?"

"ಆಗ್ತೀನಿ ಆಂಟಿ."

"ಹಂಗಾದ್ರೆ ಸರಿ. ಹುಡುಗಿ ಸಿಕ್ಕೋವರ್ಗೂ ಗಿಡಕ್ಕೆ ನೀರು ಹಾಕಿ."

ಆಂಟಿಯ ಮಾವನವರ ಕಾಲದಲ್ಲಿ ಕುರುಬರಹಳ್ಳಿ ಹಳ್ಳಿಯೇ ಆಗಿತ್ತು, ಅವರದು ಅಲ್ಲಿನ ಹಳೆಯ ಒಕ್ಕಲುತನದ ಮನೆತನ. ಹೊಲ ಸೈಟುಗಳಾದ ಮೇಲೆ ಕುಟುಂಬಕ್ಕೆ ಉಳಿದ ಜಾಗಗಳಲ್ಲಿ ಒಂದರ ಮೇಲೆ ಆಂಟಿ ಮತ್ತು ಅಂಕಲ್ ಮೊದಲು ಕಟ್ಟಿಕೊಂಡದ್ದು ಒಂದು ಶೀಟ್ ಮನೆ. ಇದು ಆಂಟಿ ಹೇಳಿದ್ದು, ಅಂಕಲ್ ಅಲ್ಲಗಳೆದಿಲ್ಲ. ಕೈಯಲ್ಲಿ ಸ್ವಲ್ಪ ಕಾಸಾದಾಗ ಶೀಟು ಇಳಿಸಿ, ಅದೇ ಜಾಗದಲ್ಲಿ ನೆಲಮಹಡಿಗೆ ಮೋಲ್ಡ್, ಅಂದರೆ ಕಾಂಕ್ರೀಟಿನ ಸೂರು, ಹಾಕಿಸಿದರು. ಇಳಿಸಿದ ಶೀಟನ್ನು ಎಸೆಯಲು ಮನಸ್ಸಾಗದೆ ಮೋಲ್ಡಿನ ಮೇಲೆ ಇಟ್ಟಿಗೆ ಗೋಡೆ ಎಬ್ಬಿಸಿ ಅದಕ್ಕೇ ಹೊದಿಸಿದರು. ಆಮೇಲೆ ಮೊದಲನೇ ಮಹಡಿ ಬಂತು, ಶೀಟು ಮತ್ತೊಂದು ಹಂತ ಹತ್ತಿತು. ಎರಡನೇ ಮಹಡಿ ಬಂತು, ಇನ್ನೊಂದು. ಹೀಗೆ ಅವರ ಮೊದಲ ಮನೆ ಅದೇ ಶೀಟು, ಅದೇ ಕಿಟಕಿ, ಅದೇ ಹಲಸಿನ ಬಾಗಿಲಿನ ಸಮೇತ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಆಕಾಶದ ಹತ್ತಿರ ಬಂದು ನಿಂತಿತ್ತು. ನೆಲದ ಮೇಲಿದ್ದಾಗ ಅದರಲ್ಲಿ ಅವರ ಇಬ್ಬರು ಹೆಣ್ಣುಮಕ್ಕಳು ಅಂಬೆಗಾಲಿಟ್ಟಿದ್ದರು. ನಾನು ಹೋದಾಗ ಅದರ ಪಕ್ಕದಲ್ಲಿ ನೀರಿನ ಟ್ಯಾಂಕು, ಎದುರಿಗೆ ಬಟ್ಟೆ ಒಣಗಿಸುವ ತಂತಿ, ಆಚೆಗೆ ರಾಜಾಜಿನಗರದ ತೆಂಗಿನ ತಲೆಗಳು.

ಮೇಲೆ ಹತ್ತದೆ ಕೆಳಗೇ ಉಳಿದದ್ದು ಒಂದೇ ವಸ್ತು: ಹೊಸಿಲು. ಪೂಜೆ ಮಾಡಿದ ಹೊಸಿಲನ್ನು ಕೀಳಬಾರದು ಎಂದು ಅದನ್ನು ನೆಲಮಹಡಿಯ ಮನೆಗೇ ಬಿಟ್ಟರು. ಆ ಮನೆಯಲ್ಲಿ ಈಗ ಅವರೇ ಇದ್ದಾರೆ. ಹಾಗಾಗಿ ನನ್ನ ಬಾಗಿಲಿನ ಅಡಿಯಲ್ಲಿ ಬರೀ ಸಿಮೆಂಟು. ಗುಡಿಸಿದ ಕಸ ನೇರ ಹೊರಗೆ ಹೋಗುತ್ತಿತ್ತು. ಮಳೆಯ ನೀರು ನೇರ ಒಳಗೆ ಬರುತ್ತಿತ್ತು. ನಾನು ದೂರು ಕೊಟ್ಟಿರಲಿಲ್ಲ.

ಹುಡುಗಿ ಸಿಕ್ಕಳು. ವಿಜಯನಗರದ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ ಅವಳದು, ಅಲ್ಲೇ ಪಿಜಿಯಲ್ಲಿ ವಾಸ. ನನಗೆ ಜ್ವರ ಬಂದು ರಕ್ತ ಕೊಡಲು ಹೋಗಿದ್ದೆ. "ಸೂಜಿ ನೋಡ್ಬೇಡಿ, ಬೇರೆ ಏನಾದ್ರೂ ನೋಡಿ" ಅಂದಳು. ಬೇರೆ ಏನಾದರೂ ಎಂದರೆ ಅಲ್ಲಿ ಅವಳೊಬ್ಬಳೇ ಇದ್ದಳು. ಜ್ವರ ಮರುದಿನವೇ ಇಳಿಯಿತು. ರಿಪೋರ್ಟ್ ತರಲು ನಾನೇ ಹೋದೆ, ಅದು ಮೊಬೈಲಿಗೆ ಬಂದಿದ್ದರೂ.

ಮುಂದಿನದನ್ನು ಸಂಕ್ಷಿಪ್ತವಾಗಿ ಹೇಳಬಹುದು. ಎರಡೂ ಮನೆಯಲ್ಲಿ ಮಾತಾಯಿತು. ಜಾತಿಯ ಮಾತು, ಜಾತಕದ ಮಾತು, ಸಂಬಳದ ಮಾತು ಬಂದು ಹೋದವು. ರಾಣೆಬೆನ್ನೂರಿನಿಂದ ಅವಳ ಕಡೆಯವರು ಮದ್ದೂರಿನ ಹತ್ತಿರದ ನಮ್ಮ ಮನೆಗೆ ಬಂದು, ನೋಡಿ, ಉಂಡು, ನನ್ನ ಅಪ್ಪ ಅಮ್ಮನ ಜೊತೆ ನಕ್ಕು ಹೋದರು. ಎಲ್ಲ ಮುಗಿಯಿತು ಎಂದು ನಾವಿಬ್ಬರೂ ಅಂದುಕೊಂಡಿದ್ದಾಗ ಅವಳ ಅಜ್ಜಿ ಒಂದು ಮಾತು ತೆಗೆದರಂತೆ: "ಮದ್ದೂರಿನ ಮನಿ ಚಲೋ ಐತಿ. ಆದ್ರ ಹುಡುಗಿ ಬಾಳ್ವೆ ಮಾಡೂದು ಅಲ್ಲಿ ಅಲ್ಲಲ್ಲ. ಬೆಂಗಳೂರಾಗಿನ ಮನಿ ಯಾರು ನೋಡೀರಿ?"

ಯಾರೂ ನೋಡಿರಲಿಲ್ಲ. ಅವಳು ನೋಡಿದ್ದಳು, ಒಂದೇ ಒಂದು ಸಲ, ಆಂಟಿಯ ಕಾವಲಿನಲ್ಲಿ. ಹಾಗಾಗಿ ಉತ್ತರ ಕೊಟ್ಟವಳೂ ಅವಳೇ. "ಭಾಳ ಚಂದ ಐತಿ ಅಜ್ಜಿ, ಟೆರೇಸ್ ಮ್ಯಾಲೆ ಒಂದು ಶೆಡ್ಡು!"

ಆ ಕಡೆ ಅಜ್ಜಿ ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಟ್ಟರು ಎಂದು ಅವಳು ನನಗೆ ಆಮೇಲೆ ಹೇಳಿದಳು. ಅಜ್ಜಿಯ ತವರು ಹೊಳೆಯ ದಂಡೆಯ ಊರು. ನೆರೆ ಬಂದ ವರ್ಷ ಅವರ ತಂಗಿಯ ಸಂಸಾರ ತಗಡಿನ ಶೆಡ್ಡಿನಲ್ಲಿ ದಿನ ದೂಡಿತ್ತು. ಶೆಡ್ಡು ಎಂದರೆ ಅಜ್ಜಿಗೆ ಅದು. ಮೊಮ್ಮಗಳಿಗೆ ಶೆಡ್ಡು ಎಂದರೆ ಮೇಲೆ ನಕ್ಷತ್ರ.

"ಅಜ್ಜಿ ಬರ್ತಾಳಂತೆ. ಅಪ್ಪನ ಜೊತೆ," ಎಂದು ಅವಳು ಫೋನ್ ಮಾಡಿದಳು. ಅವಳು ನನ್ನ ಜೊತೆ ಮಾತಾಡುವಾಗ ಬೆಂಗಳೂರಿನ ಕನ್ನಡ, ಅಜ್ಜಿಯ ಜೊತೆ ರಾಣೆಬೆನ್ನೂರಿನದು; ನಡುವೆ ಗಾಬರಿಯಾದರೆ ಎರಡೂ. "ಅವಳು ಹೂಂ ಅಂದ್ರೆ ಹೂಂ ಕಣೋ. ಉಹೂಂ ಅಂದ್ರೆ ಅಪ್ಪ ಏನೂ ಮಾಡಾಕ ಬರಂಗಿಲ್ಲ."

"ಯಾಕೆ ಶೆಡ್ಡು ಅಂದೆ?"

"ಶೆಡ್ಡೇ ತಾನೇ? ಎಷ್ಟ್ ಕ್ಯೂಟ್ ಆಗಿದೆ ಆ ಪದ."

ಇದನ್ನು ನಾನು ಓನರ್ ಆಂಟಿಗೆ ಹೇಳಿದ್ದು ಸೌಜನ್ಯಕ್ಕೆ. ಭಾನುವಾರ ನೆಂಟರು ಬರ್ತಾರೆ, ಮೆಟ್ಟಿಲ ಹತ್ತಿರ ಸ್ಕೂಟರ್ ನಿಲ್ಲಿಸಬೇಡಿ ಎನ್ನುವುದಷ್ಟೇ ನನ್ನ ಉದ್ದೇಶ. ಆಂಟಿ ಹುರುಳಿಕಾಯಿ ಮುರಿಯುತ್ತಿದ್ದವರು ತಟ್ಟೆ ಕೆಳಗಿಟ್ಟರು.

"ಏನಂದ್ರು? ಶೆಡ್ಡಾ?"

"ಸುಮ್ನೆ ಬಾಯ್ಮಾತಿಗೆ ಆಂಟಿ."

"ಶೆಡ್ಡಲ್ಲಿ ಸಿಮೆಂಟ್ ಮೂಟೆ ಇರ್ತದೆ ಸಾರ್, ಸಂಸಾರ ಇರಲ್ಲ. ನಾನು ನಾಲ್ಕು ವರ್ಷ ಅದರಲ್ಲಿ ಬಾಳಿದೀನಿ. ನಾನೇನು ಸಿಮೆಂಟ್ ಮೂಟೆನಾ?" ಒಳಗಿನಿಂದ ಅಂಕಲ್ ಏನೋ ಹೇಳಲು ಹೊರಟರು. "ನೀವು ಸುಮ್ನಿರಿ," ಅಂದರು ಆಂಟಿ.

ಅಂಕಲ್ ಸುಮ್ಮನಿರಲಿಲ್ಲ. ಶೆಡ್ಡಿಗೂ ಶೀಟ್ ಮನೆಗೂ ವ್ಯತ್ಯಾಸ ಕರೆಂಟ್ ಮೀಟರ್ ಎಂದು ಅವರ ವಾದ. ಮೀಟರ್ ಇದ್ದರೆ ಮನೆ, ಪಕ್ಕದಿಂದ ವೈರ್ ಎಳೆದಿದ್ದರೆ ಶೆಡ್ಡು. ನನಗೆ ಇದು ಒಪ್ಪುವಂತೆಯೇ ಕಂಡಿತು. ಡೆಸ್ಕಿನಲ್ಲಿ ಇಂಥ ಕೆಲಸಕ್ಕೆ ಬರುವ ವ್ಯಾಖ್ಯೆ ಸಿಗುವುದು ಅಪರೂಪ. ಆಂಟಿ ಒಪ್ಪಲಿಲ್ಲ. "ಮೀಟರ್ ಮುಂದೆ ಯಾರಾದ್ರೂ ರಂಗೋಲಿ ಹಾಕ್ತಾರೇನ್ರಿ? ಹೊಸಿಲು ಬೇಕು. ಹೊಸಿಲಿದ್ರೆ ಮನೆ, ಇಲ್ದಿದ್ರೆ ಶೆಡ್ಡು." ಹೇಳಿದ ಮೇಲೆ ಅವರಿಗೇ ಅರಿವಾಯಿತು. ಮೇಲೆ ಹೊಸಿಲಿರಲಿಲ್ಲ. ಅವರದೇ ಲೆಕ್ಕದಲ್ಲಿ ಇಷ್ಟು ವರ್ಷ ಬಾಡಿಗೆಗೆ ಕೊಟ್ಟದ್ದು ಶೆಡ್ಡು.

ಶನಿವಾರ ಸಂಜೆಯ ಹೊತ್ತಿಗೆ ನಾಯಂಡಹಳ್ಳಿಯ ಮರದ ಗೋಡೌನಿನಿಂದ ಹೊನ್ನೆಯ ತುಂಡೊಂದು ಲಗೇಜ್ ಆಟೋದಲ್ಲಿ ಬಂದಿತ್ತು. ಬಡಗಿ ಅದನ್ನು ಕೆತ್ತಿ, ಬಾಗಿಲು ಮುಚ್ಚಿಟ್ಟು, ಅದರ ಅಡಿಗೆ ಸರಿಸಿ, ಎರಡು ಬದಿಗೆ ಸಿಮೆಂಟು ಮೆತ್ತಿದ. "ಮಧ್ಯ ಒಂದು ಕಾರ್ಡ್ ತೂರೋಷ್ಟು ಗ್ಯಾಪ್ ಬಿಟ್ಟಿದೀನಿ ಮೇಡಂ. ನಾಳೆ ತಂಕ ಯಾರೂ ಕಾಲಿಡ್ಬೇಡಿ," ಎಂದು ಹೇಳಿ ಹೋದ. ನನ್ನ ಬಟ್ಟೆ, ಪಾತ್ರೆ, ಒಲೆ, ಹಲ್ಲುಜ್ಜುವ ಬ್ರಷ್ಷು ಸಹ ಒಳಗೆ. ಆ ರಾತ್ರಿ ನನ್ನ ಹಾಸಿಗೆ ಅಂಕಲ್ ಮನೆಯ ಪಡಸಾಲೆಯಲ್ಲಿ.

ಬಡಗಿಯ ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ತಪ್ಪು ಆದದ್ದು ಆಂಟಿಯ ಅನುಭವದಿಂದ. ಮೂರು ಮೋಲ್ಡ್ ಹಾಕಿಸಿ, ಪ್ರತಿಯೊಂದಕ್ಕೂ ತಾವೇ ನಿಂತು ಕ್ಯೂರಿಂಗ್ ಮಾಡಿಸಿದವರು ಅವರು. ಹೊಸ ಸಿಮೆಂಟಿಗೆ ನೀರು ಕುಡಿಸದಿದ್ದರೆ ಬಿರುಕು ಬಿಡುತ್ತದೆ ಎನ್ನುವುದು ಅವರಿಗೆ ಉಸಿರಾಟದಷ್ಟೇ ಸಹಜ. ಬಡಗಿ ಹೋದ ಮೇಲೆ ಎರಡು ಗೋಣಿಚೀಲ ನೆನೆಸಿ ಹೊಸಿಲಿನ ಮೇಲೆ ಹಾಸಿದರು, ಬಾಗಿಲಿನ ಬುಡಕ್ಕೂ ಒತ್ತಿ ಇಟ್ಟರು. ಮಲಗುವ ಮುಂಚೆ ಒಂದು ಕೊಡ ನೀರು ಹೊಯ್ದು ಬಂದರು. ಬೆಳಗಾಗುವ ಮುಂಚೆ ಎದ್ದು ಇನ್ನೊಂದು. ಸಿಮೆಂಟು ನೀರು ಕುಡಿಯಿತು. ಹೊನ್ನೆ ಮರವೂ ಕುಡಿಯಿತು. ಹಲಸಿನ ಬಾಗಿಲೂ ಕುಡಿಯಿತು. ಬೆಳಿಗ್ಗೆಯ ಹೊತ್ತಿಗೆ ಕಾರ್ಡ್ ತೂರುವ ಜಾಗದಲ್ಲಿ ಗಾಳಿಯೂ ತೂರುತ್ತಿರಲಿಲ್ಲ.

ಆದರೆ ಇದು ಗೊತ್ತಾಗುವ ಮೊದಲೇ ಆಂಟಿ ಪೂಜೆ ಮುಗಿಸಿಬಿಟ್ಟಿದ್ದರು. ಚೀಲ ತೆಗೆದು, ಒರೆಸಿ, ಅರಿಶಿನ ಬಳಿದು, ಕುಂಕುಮವಿಟ್ಟು, ಹೂವಿಟ್ಟು, ಮುಂದೆ ರಂಗೋಲಿ ಬಿಡಿಸಿ, "ಈಗ ತೆಗೀರಿ ಬಾಗ್ಲು, ಬಲಗಾಲಿಟ್ಟು ಒಳಗೆ ಹೋಗಿ ಹಾಲುಕ್ಕಿಸಿ," ಅಂದರು. ನಾನು ತಳ್ಳಿದೆ. ಗೋಡೆ ತಳ್ಳಿದಂತಾಯಿತು.

ಅಂಕಲ್ ಬಂದು ಭುಜ ಕೊಟ್ಟರು. ಇಲ್ಲಿ ಒಂದು ತಾಂತ್ರಿಕ ತೊಂದರೆ ಇತ್ತು. ಬಾಗಿಲಿಗೆ ಬಲ ಹಾಕಬೇಕಾದರೆ ಹೊಸಿಲಿನ ಮೇಲೆ ಕಾಲೂರಬೇಕು. ಪೂಜೆಯಾದ ಹೊಸಿಲು ತುಳಿಯುವಂತಿಲ್ಲ. ರಂಗೋಲಿಯನ್ನೂ ತುಳಿಯುವಂತಿಲ್ಲ. ಹಾಗಾಗಿ ನಾವಿಬ್ಬರು ಗಂಡಸರು ರಂಗೋಲಿಯ ಆಚೆ ನಿಂತು, ಸೊಂಟದಿಂದ ಬಾಗಿ, ಬೆರಳ ತುದಿಯಿಂದ ಬಾಗಿಲು ತಳ್ಳಿದೆವು.

"ಕಾಲು! ಕಾಲು!" ಎಂದು ಆಂಟಿ ಹಿಂದಿನಿಂದ ಕೂಗಿದರು.

"ಕಾಲಿಡದೆ ಹೆಂಗೆ ತಳ್ಳೋದು ಕಣೇ? ನಾನೇನು ಹಕ್ಕಿನಾ?"

"ಎಗರಿ ತಳ್ಳಿ."

ಅಂಕಲ್ ನಿಜವಾಗಿಯೂ ಎಗರಿದರು. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಪಂಚೆ ಎತ್ತಿ ಕಟ್ಟಿ, ಎರಡು ಹೆಜ್ಜೆ ಹಿಂದೆ ಹೋಗಿ, ರಂಗೋಲಿಯ ಮೇಲಿಂದ ಹಾರಿ ಭುಜದಿಂದ ಬಾಗಿಲಿಗೆ ಗುದ್ದಿ, ಕೆಳಗೆ ಇಳಿಯಲು ಜಾಗವಿಲ್ಲದೆ ಬಾಗಿಲ ಚೌಕಟ್ಟಿಗೆ ಎರಡೂ ಕೈಯಲ್ಲಿ ಜೋತುಬಿದ್ದರು. ಅದೇ ಹೊತ್ತಿಗೆ ಮೆಟ್ಟಿಲ ಕಡೆಯಿಂದ ಒಂದು ದನಿ ಕೇಳಿತು.

"ಇವರು ಯಾರು? ಹುಡುಗನ ಕಡೆಯವರೇನು?"

ಅವಳ ಅಜ್ಜಿ. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ, ಮೂರು ಮಹಡಿ ಹತ್ತಿಯೂ ಏದುಸಿರು ಇರಲಿಲ್ಲ. ಹಿಂದೆ ಅವಳ ತಂದೆ, ಹತ್ತಿಬೀಜದ ವ್ಯಾಪಾರಿ, ಕೈಯಲ್ಲಿ ಮುಚ್ಚಿದ ಛತ್ರಿ. ಅವರ ಹಿಂದೆ ಅವಳು, ದುಪಟ್ಟದಿಂದ ಬಾಯಿ ಮುಚ್ಚಿಕೊಂಡು. ನಗುವನ್ನು ಹಾಗೆ ತಡೆಯಲಾಗುವುದಿಲ್ಲ ಎನ್ನುವುದು ಅವಳ ಕಣ್ಣಿನಿಂದ ಗೊತ್ತಾಗುತ್ತಿತ್ತು.

ಅವರು ಹಿಂದಿನ ದಿನವೇ ಬಂದು ಕೆಂಗೇರಿಯ ನೆಂಟರ ಮನೆಯಲ್ಲಿ ಉಳಿದಿದ್ದರು. ಅಲ್ಲಿಂದ ವಿಜಯನಗರಕ್ಕೆ ಮೆಟ್ರೋ. ಅಜ್ಜಿಯ ಮೊದಲ ಮೆಟ್ರೋ. ಅದರ ಸಂಭ್ರಮ ಇನ್ನೂ ಮುಖದ ಮೇಲಿತ್ತು. "ದೀಪಾಂಜಲಿ ನಗರ ಅಂದ್ಲು ಒಳಗಿನಾಕಿ. ಹೆಸರು ಎಷ್ಟ ಚಲೋ ಐತಿ, ಅಲ್ಲೇ ಇಳದ ಬಿಡೂಣು ಅನಸ್ತು. ಈಕಿ ಹಿಡಿದು ಕುಂದ್ರಿಸಿದ್ಲು." ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಅಜ್ಜಿ ಸುತ್ತ ನೋಡಿದರು. ಟ್ಯಾಂಕು ನೋಡಿದರು. ಶೀಟು ನೋಡಿದರು. ಆಂಟಿ ತಾಮ್ರದ ಚೊಂಬಿನಲ್ಲಿ ನೀರು ತಂದು ಮುಂದಿಟ್ಟರು.

"ಬ್ಯಾಡ್ರಿ ತಾಯಿ."

"ಬಿಸಿಲಲ್ಲಿ ಬಂದಿದೀರ ಅಮ್ಮ, ಒಂದು ಗುಟುಕು..."

"ಮನಿ ನೋಡಾಕ ಬಂದವರು ಒಪ್ಪಿಗಿ ಆಗೂ ತನಕ ನೀರ ಮುಟ್ಟಂಗಿಲ್ರಿ. ನಮ್ಮ ಕಡೆ ಹಂಗ." ಅಜ್ಜಿ ಬಾಗಿಲ ಕಡೆ ಗಲ್ಲ ಎತ್ತಿದರು. "ತೆಗೀರಿ. ನೋಡೂಣು."

ಈ ಘಟ್ಟದಲ್ಲಿ ಪರಿಸ್ಥಿತಿ ಹೀಗಿತ್ತು: ನೋಡದೆ ಒಪ್ಪಿಗೆಯಿಲ್ಲ, ಒಪ್ಪಿಗೆಯಿಲ್ಲದೆ ನೀರಿಲ್ಲ, ಬಾಗಿಲು ತೆರೆಯದೆ ನೋಡುವುದಿಲ್ಲ. ಮಾರ್ಚಿನ ಬಿಸಿಲು ಏರುತ್ತಿತ್ತು. ನಾನು ಬಾಗಿಲು ಅಂಟಿಕೊಂಡಿದೆ ಎಂದು ತಿಳಿಸಿದೆ. ತಂದೆ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

ಅಜ್ಜಿ ಎದ್ದು ಬಂದು, ರಂಗೋಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹೊಸಿಲಿನ ಮೇಲೆ ಬೆರಳು ಆಡಿಸಿದರು. ಅರಿಶಿನ ಕೈಗೆ ಹತ್ತಿತು. ಸಿಮೆಂಟನ್ನು ಉಗುರಿನಿಂದ ಗೀಚಿದರು. ಪುಡಿ ಉದುರಿತು.

"ಹೊಸ್ತಿಲಾ ಎಂದ ಹಾಕಿಸಿದ್ರಿ?"

ನಾನು ಆಂಟಿಯ ಕಡೆ ನೋಡಿದೆ. ಆಂಟಿ ಅಂಕಲ್ ಕಡೆ ನೋಡಿದರು. ಅಂಕಲ್ ಆಕಾಶದ ಕಡೆ ನೋಡಿದರು.

"ನಿನ್ನೆ," ಅಂದರು ಆಂಟಿ.

"ನಮಗ ತೋರಸಾಕ?"

"ಹೂಂ. ನಿಮಗೇ ತೋರ್ಸೋಕೆ. ಸುಳ್ಳು ಯಾಕೆ ಹೇಳ್ಲಿ. ಇದನ್ನ ಶೆಡ್ಡು ಅಂದ್ರಂತೆ ನೀವು."

"ನಾ ಎಲ್ಲಿ ಅಂದೆ? ಈಕಿ ಅಂದ್ಲು!"

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ದುಪಟ್ಟ ಬಾಯಿಂದ ತೆಗೆದಳು. "ಶೆಡ್ಡ ಅಲ್ಲೇನು ಅಜ್ಜಿ? ಮಳಿ ಬಂದ್ರ ಮ್ಯಾಲೆ ತಬಲಾ ಬಾರಿಸಿದಂಗ ಆಗತೈತಂತ. ಬಾಗ್ಲಾ ತೆಗೆದ್ರ ನೇರ ಮೋಡ. ನಮ್ಮ ಪಿಜಿ ಕಿಟಕಿ ತೆಗೆದ್ರ ಇನ್ನೊಂದು ಪಿಜಿ ಕಿಟಕಿ ಐತಿ."

"ಅವ್ವಾ, ಹೋಗೂಣು," ಎಂದರು ತಂದೆ. ಅವರು ಬಂದ ಮೇಲೆ ಆಡಿದ ಮೊದಲ ಮಾತು ಇದು. ಮೆಲ್ಲಗೆ ಹೇಳಿದರು, ಆದರೆ ಟೆರೇಸಿನಲ್ಲಿ ಮೆಲ್ಲಗೆ ಹೇಳಿದ್ದೂ ಕೇಳುತ್ತದೆ. "ನೋಡಾಕ ಬಂದ ದಿನಾನ ಬಾಗ್ಲಾ ತೆಗಿಯಂಗಿಲ್ಲ ಅಂದ್ರ ಶಕುನ ಚಲೋ ಅಲ್ಲ."

ಅವಳ ಮುಖದಿಂದ ನಗು ಹೋಯಿತು. ನನ್ನದು ಮೊದಲೇ ಹೋಗಿತ್ತು. ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು: ಅಜ್ಜಿ ಈಗ ಮೆಟ್ಟಿಲು ಇಳಿದರೆ ಮತ್ತೆ ಹತ್ತುವುದಿಲ್ಲ.

"ತಡೀಪಾ," ಅಂದರು ಅಜ್ಜಿ. "ನೋಡಾಕ ಬಂದೀನಿ. ನೋಡೇ ಹೋಗಾಕಿ."

ಆಗ ಅಂಕಲ್ ಪಂಚೆ ಮತ್ತೆ ಎತ್ತಿ ಕಟ್ಟಿದರು. ಸ್ಪ್ಯಾನರ್ ಕೈಯಲ್ಲಿತ್ತು; ಯಾವಾಗ ತಂದರೋ ನಾನು ಗಮನಿಸಿರಲಿಲ್ಲ. ಆ ಶೀಟುಗಳನ್ನು ಪ್ರತಿ ಸಲ ಇಳಿಸಿ ಏರಿಸಿದ್ದು ಅವರೇ. ಟ್ಯಾಂಕಿನ ಕಟ್ಟೆ ಹತ್ತಿ, ಅಂಚಿನ ಶೀಟಿನ ಕೊಕ್ಕೆ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಮೇಲಿದ್ದ ಇಟ್ಟಿಗೆಗಳನ್ನು ನನ್ನ ಕೈಗೆ ಕೊಟ್ಟು, ಶೀಟನ್ನು ಪಕ್ಕಕ್ಕೆ ಜಾರಿಸಿದರು. ನನ್ನ ಮನೆಯ ಮೇಲೆ ಒಂದು ಆಯತಾಕಾರದ ಆಕಾಶ ತೆರೆಯಿತು. ಅದರೊಳಗೆ ಅಲ್ಯುಮಿನಿಯಂ ಏಣಿ ಇಳಿಸಿದರು.

"ಈಗ ಒಬ್ರು ಇಳಿದು ಒಳಗಿಂದ ಎಳೀಬೇಕು," ಎಂದರು.

ನಾನು ಮುಂದೆ ಹೆಜ್ಜೆ ಇಟ್ಟೆ. ಕೈಯಲ್ಲಿ ಇಟ್ಟಿಗೆಗಳಿದ್ದವು. ಅಷ್ಟರಲ್ಲಿ ಅವಳು ಚಪ್ಪಲಿ ಬಿಟ್ಟು, ದುಪಟ್ಟ ಸೊಂಟಕ್ಕೆ ಬಿಗಿದು, ಟ್ಯಾಂಕಿನ ಕಟ್ಟೆಯ ಮೇಲಿದ್ದಳು. ತಂದೆ "ಏ! ಏ!" ಎನ್ನುವಷ್ಟರಲ್ಲಿ ಸೊಂಟದ ತನಕ ಸೂರಿನೊಳಗೆ. ಅಲ್ಲಿಂದ ಒಮ್ಮೆ ಸುತ್ತ ನೋಡಿ, ಊರಿಗೆಲ್ಲ ಕೇಳುವಂತೆ, "ಅಜ್ಜೀ, ರಾಜಾಜಿನಗರ ಪೂರ್ತಿ ಕಾಣ್ತೈತಿ!" ಎಂದು ಕೂಗಿ ಕೆಳಗೆ ಮಾಯವಾದಳು. ನನ್ನ ತಲೆ ತಿರುಗಿತು. ಬಿಸಿಲಿಗೋ ಬೇರೆಯದಕ್ಕೋ ಎಂದು ಖಚಿತವಾಗಿ ಹೇಳಲಾರೆ.

ಒಳಗಿನಿಂದ ಎಳೆದಳು. ಬಾಗಿಲು ಅಲ್ಲಾಡಲಿಲ್ಲ. ಎರಡು ಸಲ ಒದ್ದಳು, ಒದ್ದದ್ದು ತಪ್ಪು ಎಂದು ನೆನಪಾಗಿ ಮುಟ್ಟಿ ನಮಸ್ಕರಿಸಿದಳಂತೆ. ಆಮೇಲೆ ಬಾಗಿಲ ಪಕ್ಕದ ಕಿಟಕಿ ತೆರೆದು ಸರಳಿನ ಹಿಂದೆ ಮುಖ ತಂದಳು. "ಬರಂಗಿಲ್ಲ ಇದು. ಇರ್ಲಿ, ಹಾಲಿನ ಪ್ಯಾಕೆಟ್ ಕೊಡ್ರಿ ಆಂಟಿ."

ಹಾಲಿನ ಪ್ಯಾಕೆಟ್ಟು ಓರೆ ಮಾಡಿದರೆ ಕಿಟಕಿಯ ಸರಳಿನೊಳಗೆ ತೂರುತ್ತದೆ. ಆಂಟಿ ಅದನ್ನು ತೂರಿಸಿ, ಹಿಂದೆಯೇ ಅರಿಶಿನ ಕುಂಕುಮದ ಬಟ್ಟಲನ್ನೂ ತೂರಿಸಿದರು. ಅಜ್ಜಿ ಕುರ್ಚಿಯನ್ನು ಕಿಟಕಿಯ ಮುಂದೆ ಹಾಕಿಸಿಕೊಂಡು ಕೂತರು. ಟ್ಯಾಂಕಿನ ಕಟ್ಟೆಯ ಮೇಲೇ ಉಳಿದ ಅಂಕಲ್ ಬಿಟ್ಟು ನಾವೆಲ್ಲ ಅವರ ಹಿಂದೆ ನಿಂತೆವು. ಒಳಗೆ ಸೂರಿನ ಕಿಂಡಿಯಿಂದ ಬಿಸಿಲು ಬಿದ್ದು ನನ್ನ ಸಮಸ್ತ ಆಸ್ತಿ ಬೆಳಗುತ್ತಿತ್ತು.

ಅವಳು ಒಲೆ ಹಚ್ಚಲು ಹೋದಳು, ನಿಂತಳು. ನಾನು ಒಲೆಯನ್ನು ಬಾಗಿಲ ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಸಿಲಿಂಡರ್ ಬದಲಾಯಿಸುವಾಗ ಹತ್ತಿರವಾಗುತ್ತದೆ ಎಂದು. ಅವಳು ಅದನ್ನು ನೋಡಿದಳು, ಮಂಚ ನೋಡಿದಳು, ಗೋಡೆ ನೋಡಿದಳು.

"ಒಲೆ ಇಲ್ಲಿ ಯಾಕಿಟ್ಟಿದೀರಾ?" ಹಿರಿಯರ ಮುಂದೆ ನನಗೆ ಬಹುವಚನ.

"ಅಲ್ಲಿ ಜಾಗ ಇತ್ತು."

"ಬಾಗ್ಲು ತೆಗೆದ್ರೆ ಗಾಳಿಗೆ ಆರಿಹೋಗಲ್ವಾ?"

"ಹೋಗುತ್ತೆ. ಮತ್ತೆ ಹಚ್ತೀನಿ."

ಅವಳು ಒಲೆ ಇಟ್ಟ ಮೇಜನ್ನು ಎರಡೂ ಕೈಯಲ್ಲಿ ಎಳೆದಳು. ಸಿಲಿಂಡರನ್ನು ಅಂಚಿನ ಮೇಲೆ ಉರುಳಿಸಿಕೊಂಡು ಆ ಮೂಲೆಯಿಂದ ಈ ಮೂಲೆಗೆ ತಂದಳು. ಮಂಚವನ್ನು ಮೊಣಕಾಲಿನಿಂದ ಒತ್ತಿ ಗೋಡೆಗೆ ಸೇರಿಸಿದಳು. ಬಾಗಿಲ ಪಕ್ಕ ಖಾಲಿಯಾದ ಜಾಗಕ್ಕೆ ನೀರಿನ ಬಿಂದಿಗೆ ತಂದಿಟ್ಟಳು. ಪೊರಕೆ ಹುಡುಕಿ, ಮೇಜಿನ ಅಡಿಯಲ್ಲಿ ಸಿಕ್ಕ ನನ್ನ ಎರಡು ಕಾಲುಚೀಲ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದು, ಆಚೆ ಎಸೆದಳು.

"ಸಕ್ಕರೆ ಎಲ್ಲಿದೆ?"

"ಶೂ ಪಾಲಿಶ್ ಪಕ್ಕ."

"ಅಯ್ಯೋ ದೇವರೇ."

ಆಂಟಿ ತಡೆಯಲಾರದೆ ಕಿಟಕಿಯಲ್ಲಿ ಬಾಗಿದರು. "ಆ ಮೂಲೇಲೇ ನಾನೂ ಇಟ್ಕೊಂಡಿದ್ದೆ ಕಣಮ್ಮಾ ಒಲೆ! ಕರೆಕ್ಟಾಗಿ ಅದೇ ಮೂಲೆ!"

"ಬಿಸಿಲು ಹೊಡಿಯಲ್ವಾ ಆಂಟಿ?"

"ಮಧ್ಯಾಹ್ನದ ಮೇಲೆ ಹೊಡಿತದೆ. ಅಷ್ಟೊತ್ಗೆ ಅಡುಗೆ ಆಗೋಗಿರ್ತದೆ."

ಅಜ್ಜಿ ಇಷ್ಟು ಹೊತ್ತು ಗಲ್ಲದ ಮೇಲೆ ಕೈಯಿಟ್ಟು ಒಳಗೆ ನೋಡುತ್ತಿದ್ದರು. ಹಾಲು ಕಾಯಿತು, ಅಂಚಿಗೆ ಬಂತು, ಏರಿತು, ಬಳಬಳನೆ ಉಕ್ಕಿ ಒಲೆಯ ಮೇಲೆ ಚೊಯ್ ಎಂದು ಬಿತ್ತು. ಆಂಟಿ ಕೈ ಮುಗಿದರು. ಅಂಕಲ್ ಟ್ಯಾಂಕಿನ ಮೇಲಿಂದಲೇ ಮುಗಿದರು. ಸುಟ್ಟ ಹಾಲಿನ ವಾಸನೆ ಕಿಟಕಿಯಿಂದಲೂ ಬಂತು, ಸೂರಿನಿಂದಲೂ ಬಂತು.

ಅಜ್ಜಿಯ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ತಂದೆ ಬಗ್ಗಿದರು. ಅವರು ನಗುತ್ತಿದ್ದರು. ಮೊದಲು ಸದ್ದಿಲ್ಲದೆ, ಆಮೇಲೆ ಸದ್ದು ಮಾಡಿ, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು.

"ಏನವ್ವಾ?"

"ನೋಡಲೇ, ನಿನ್ನ ಮಗಳು ಬಾಗ್ಲಾನ ತೆಗದಿಲ್ಲ, ಒಲಿ ಜಾಗಾ ಬದಲಿ ಮಾಡ್ಯಾಳ!" ಉಸಿರು ಎಳೆದುಕೊಂಡರು. "ನನ್ನ ತಂಗಿ ಶೆಡ್ಡಿನ್ಯಾಗ ಇದ್ಲಲ್ಲ, ನಾ ನೋಡಾಕ ಹೋಗಿದ್ನಿ. ಅಲ್ಲಿ ಯಾರೂ ಏನೂ ಸರಿಸಂಗಿಲ್ಲಪಾ. ಇಟ್ಟದ್ದು ಇಟ್ಟಂಗ ಇರತೈತಿ. ನಾಳೆ ಹೋಗಾವರು ಯಾಕ ಸರಿಸ್ತಾರ? ಇದು ಮನಿ. 'ಇಲ್ಲಿ ಬ್ಯಾಡ, ಅಲ್ಲಿ ಇರ್ಲಿ' ಅಂದ್ಲು ನೋಡು, ಮುಗೀತು."

ತಂದೆ ಮುಚ್ಚಿದ ಬಾಗಿಲನ್ನು ತೋರಿಸಿದರು. "ಶಕುನ..."

"ಶಕುನ ಏನೋ, ಮರಾ ನೀರ ಕುಡದೈತಿ. ನಿಮ್ಮಪ್ಪ ಕಟ್ಟಿಸಿದ ಮನಿ ಬಾಗ್ಲಾ ಮಳಿಗಾಲಕ್ಕೊಮ್ಮಿ ಹಿಂಗ ಹಿಡೀತಿತ್ತು. ಆಗ ನೀ ಕಿಟಕ್ಯಾಗಿಂದ ಒಳಗ ಬರ್ತಿದ್ದಿ." ಅಜ್ಜಿ ಸರಳಿನ ನಡುವೆ ಕೈ ಒಳಗೆ ಚಾಚಿದರು. "ಏ, ಕೊಡು ಹಾಲು. ಬೆಳಿಗ್ಗಿಂದ ನೀರಡಿಕಿ ಆಗೇತಿ ನನಗ."

ಸ್ಟೀಲಿನ ಲೋಟ ಸರಳಿನಲ್ಲಿ ಹಿಡಿಸಲಿಲ್ಲ. ಚಹಾದ ಸಣ್ಣ ಗಾಜಿನ ಲೋಟ ಹಿಡಿಸಿತು. ಅಜ್ಜಿ ಒಂದು ಲೋಟ ಕುಡಿದು, ಇನ್ನೊಂದು ಕೇಳಿದರು. ಎರಡನೆಯದನ್ನು ಮಗನ ಕೈಗೆ ಕೊಟ್ಟರು. ಅವರು ಒಂದು ಕ್ಷಣ ಅದನ್ನು ಹಿಡಿದುಕೊಂಡೇ ನಿಂತಿದ್ದು, ಛತ್ರಿಯನ್ನು ನನ್ನ ಕೈಗೆ ಕೊಟ್ಟು, ಕುಡಿದರು. ಆಂಟಿ ಉಪ್ಪಿಟ್ಟು ಮಾಡಲು ಮೆಟ್ಟಿಲಿಳಿದು ಓಡಿದರು. ಕಿಟಕಿಯ ಹಿಂದೆ ಅವಳು ಸೌಟು ಹಿಡಿದು ಕುಣಿಯುತ್ತಿದ್ದಳು. ಅದು ಕುಣಿತ ಅಲ್ಲ, ಬಿಸಿ ಹಾಲು ಕಾಲಿಗೆ ಸಿಡಿಯಿತು ಎಂದು ಅವಳು ಇಂದಿಗೂ ಹೇಳುತ್ತಾಳೆ. ಎರಡೂ ಹೇಳಿಕೆಗಳನ್ನು ದಾಖಲಿಸಿದ್ದೇನೆ.

ಉಪ್ಪಿಟ್ಟು ಟೆರೇಸಿನಲ್ಲೇ ಆಯಿತು. ಅವಳಿಗೆ ಮಾತ್ರ ಸಣ್ಣ ಬಟ್ಟಲಿನಲ್ಲಿ, ಕಿಟಕಿಯಿಂದ. ಅಂಕಲ್ ಶೀಟನ್ನು ಮತ್ತೆ ಕೂರಿಸೋಣವೇ ಎಂದು ಕೇಳಿದಾಗ ಅಜ್ಜಿ ಬೇಡ ಎಂದರು, ಬೆಳಕು ಚೆನ್ನಾಗಿತ್ತು. ಆ ಬೆಳಕೇ ಕೆಲಸ ಮಾಡಿತು. ಬಿಸಿಲು ಒಳಗಿನಿಂದ ಬಾಗಿಲಿನ ಬುಡಕ್ಕೆ ಬಿದ್ದು, ಮಧ್ಯಾಹ್ನದ ಹೊತ್ತಿಗೆ ಮರ ಒಣಗಿ, ಯಾರೂ ಮುಟ್ಟದೆ ಒಮ್ಮೆ ಟಪ್ ಎಂದಿತು. ಅವಳು ಎಳೆದಳು. ತೆರೆಯಿತು.

ಅಜ್ಜಿ ಹೊಸಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಒಳಗೆ ಹೋದರು. ಮಂಚದ ಮೇಲೆ ಕೂತು, ತಲೆಯೆತ್ತಿ ಕಿಂಡಿಯಿಂದ ಆಕಾಶ ನೋಡಿದರು. ತಂದೆ ಹೊರಗೆ ನಿಂತು ರಾಣೆಬೆನ್ನೂರಿಗೆ ಫೋನ್ ಹಚ್ಚಿ, ಕಲ್ಯಾಣ ಮಂಟಪ ಯಾವ ವಾರ ಖಾಲಿ ಇದೆ ಎಂದು ವಿಚಾರಿಸಿದರು. ಮೇ ತಿಂಗಳಲ್ಲಿ ಒಂದು ಗುರುವಾರ ಸಿಕ್ಕಿತು.

ಮದುವೆ ಆ ಗುರುವಾರವೇ ಆಯಿತು. ನಾವಿಬ್ಬರೂ ಅದೇ ಮನೆಯಲ್ಲಿದ್ದೇವೆ. ಅಜ್ಜಿ ಕಳೆದ ಚಳಿಗಾಲದಲ್ಲಿ ಕಣ್ಣಿನ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದರು, ಕೆಂಗೇರಿಯ ನೆಂಟರು ಕರೆದರೂ ನಮ್ಮಲ್ಲೇ ಇಳಿದುಕೊಂಡರು. ಆಪರೇಷನ್ ಆಗಿದೆ, ಕಣ್ಣು ಚೆನ್ನಾಗಿ ಕಾಣುತ್ತಿದೆ. ಊರಿಗೆ ಇನ್ನೂ ಹೋಗಿಲ್ಲ.